ಕನ್ನಡಕದವರು ನಕ್ಕದ್ದು ಯಾರಿಗೆ?

ಅತ್ತವನನ್ನು ಜನ ಒಂದು ಮಾತು ಕೇಳಿ ಬಿಟ್ಟುಬಿಡುತ್ತಾರೆ. ನಕ್ಕವನನ್ನು ಬಿಡುವುದಿಲ್ಲ. ಏಕೆ ನಕ್ಕೆ, ಯಾರನ್ನು ನೋಡಿ ನಕ್ಕೆ, ಅವರೂ ತಿರುಗಿ ನಕ್ಕರೋ ಇಲ್ಲವೋ ಎಂದು ಬೇರುಸಹಿತ ಅಗೆದು ನೋಡುತ್ತಾರೆ. ಕನ್ನಡಕದವರಿಗೆ ಈ ಲೋಕಜ್ಞಾನ ಬಂದದ್ದು ಐವತ್ತಾರನೆಯ ವಯಸ್ಸಿನಲ್ಲಿ, ಅದೂ ಒಂದು ಸಿನಿಮಾದ ದೆಸೆಯಿಂದ.

ಪೇಟೆಬೀದಿಯ ನಡುವೆ ಅವರದೊಂದು ಸಣ್ಣ ಕನ್ನಡಕದಂಗಡಿ. ಪಕ್ಕಕ್ಕೆ ಕ್ಷೌರದಂಗಡಿ, ಎದುರಿಗೆ ಸಂಗೀತದ ಟೀಚರಮ್ಮನ ಮಹಡಿಮನೆ. ಆ ಊರಿನ ಮೂಗುಗಳೆಲ್ಲ ಕನ್ನಡಕದವರಿಗೆ ಪರಿಚಯ. ಯಾರ ಎಡಗಿವಿ ಬಲಗಿವಿಗಿಂತ ಒಂದು ನೂಲು ಮೇಲಿದೆ, ಯಾರ ಮೂಗಿನ ಮೇಲೆ ಫ್ರೇಮು ನಿಲ್ಲದೆ ಜಾರುತ್ತದೆ ಎಂಬುದನ್ನು ಅವರು ಕತ್ತಲಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಹೆಂಡತಿ ಹೊಸ ಬಟ್ಟೆ ಉಟ್ಟು ಎದುರಿಗೆ ಬಂದು, "ಹೇಗಿದೆ ರೀ?" ಎಂದರೆ, ಕತ್ತನ್ನು ಕೊಂಚ ಓರೆ ಮಾಡಿ ಅಳೆದು ನೋಡಿ, "ನೇರವಾಗಿದೆ" ಎನ್ನುವರು. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಮಾತೂ ಅದೇ. ಪ್ರೀತಿ ಇರಲಿಲ್ಲವೆಂದಲ್ಲ. ದೇವರು ಕೆಲವರ ಪ್ರೀತಿಯನ್ನು ನಾಲಿಗೆಯ ತುದಿಯಲ್ಲಿಡುತ್ತಾನೆ. ಕೆಲವರದನ್ನು ಒಳಮನೆಯ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಎಲ್ಲಿಟ್ಟೆನೆಂದು ತಾನೇ ಮರೆಯುತ್ತಾನೆ.

ಹೋದ ವರ್ಷ ಒಂದು ಬೆಳಗ್ಗೆ ಆ ಬೀದಿಗೆ ಸಿನಿಮಾದವರು ಬಂದರು. ಗಂಡ ಹೆಂಡಿರ ತಮಾಷೆಯ ಚಿತ್ರ. ಚಿನ್ನದಂಥ ಹೆಂಡತಿಯಿರುವ ಗಂಡನೊಬ್ಬ ಇನ್ನೊಬ್ಬಳ ಹಿಂದೆ ಬಿದ್ದು, ಸುಳ್ಳಿಗೆ ಸುಳ್ಳು ಪೋಣಿಸಿ, ಕಡೆಗೆ ಆ ಸರ ತನ್ನ ಕೊರಳಿಗೇ ಬಿಗಿದಾಗ ಮನೆಗೆ ಓಡಿಬರುವ ಕಥೆ. ಆ ಇನ್ನೊಬ್ಬಳು ಕೆಂಪು ಛತ್ರಿ ಹಿಡಿದು ಬೀದಿಯಲ್ಲಿ ನಡೆಯಬೇಕು. ಅಂಗಡಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಬೇಕು. ಆಕೆ ಬೆಳಗ್ಗೆಯೇ ನಾಲ್ಕು ಸಲ ನಡೆದು, ಬಿಸಿಲು ಏರಿತೆಂದು ಕಾರು ಹತ್ತಿ ಹೋದಳು. ನೋಡುವವರನ್ನು ಮಧ್ಯಾಹ್ನ ಬೇರೆಯಾಗಿ ಚಿತ್ರಿಸಿದರು. ಸಿನಿಮಾದಲ್ಲಿ ಹಾಗೆಯೇ ಅಂತೆ: ನೋಡುವ ಕಣ್ಣು ಒಂದು ಕಡೆ, ನೋಡಿಸಿಕೊಳ್ಳುವ ಮೋರೆ ಇನ್ನೊಂದು ಕಡೆ; ಕತ್ತರಿ ಹಿಡಿದವನು ಎರಡಕ್ಕೂ ಗಂಟು ಹಾಕುತ್ತಾನೆ.

ಸಹಾಯಕ ನಿರ್ದೇಶಕ ಬಂದು ಕನ್ನಡಕದವರನ್ನು ಬಾಗಿಲಲ್ಲಿ ನಿಲ್ಲಿಸಿದ.

"ಸರ್, ಕನ್ನಡಕ ತೆಗೀರಿ. ಗಾಜು ಲೈಟಿಗೆ ಹೊಳೀತಿದೆ."

"ಕನ್ನಡಕದಂಗಡಿಯವನೇ ಕನ್ನಡಕ ಇಲ್ಲದೆ ನಿಂತರೆ ಜನ ಏನಂದಾರಪ್ಪ?"

"ಸಿನಿಮಾದಲ್ಲಿ ಅದನ್ನೆಲ್ಲ ಯಾರೂ ಕೇಳಲ್ಲ ಸರ್."

"ಎದುರಿಗೆ ಯಾರೂ ಇಲ್ಲವಲ್ಲ, ಯಾರನ್ನ ನೋಡಲಿ?"

"ಸ್ವಲ್ಪ ಮೇಲಕ್ಕೆ ನೋಡಿ. ನಿಮಗೆ ತುಂಬಾ ಇಷ್ಟವಾದವರು ಅಲ್ಲಿ ನಿಂತಿದ್ದಾರೆ ಅಂದ್ಕೊಳ್ಳಿ, ಅಷ್ಟೇ."

ಕನ್ನಡಕದವರು ಕನ್ನಡಕ ತೆಗೆದರು. ಲೋಕ ಹಾಲಿನಲ್ಲಿ ನೆನೆದಂತಾಯಿತು. ಎದುರಿನ ಗೋಡೆಗಳು ಅಂಚು ಬಿಟ್ಟು ಒಂದರೊಳಗೊಂದು ಕರಗಿದವು. ಮನುಷ್ಯರು ನೆರಳಿನ ತುಂಡುಗಳಾಗಿ ನೀರಿನಲ್ಲಿ ತೇಲಿದರು. ಸದ್ದುಗಳು ಮಾತ್ರ ಸ್ಪಷ್ಟವಾಗಿ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದ್ದವು. ಅವರು ಮೇಲೆ ನೋಡಿದರು. ಟೀಚರಮ್ಮನ ಮಹಡಿಯ ಕಟಕಟೆಯ ಬಳಿ ತಿಳಿ ಹಳದಿಯದೊಂದು ಆಕಾರ ಗಾಳಿಗೆ ಮೆಲ್ಲಗೆ ಓಲಾಡುತ್ತಿತ್ತು.

ಹೆಂಡತಿಗೆ ಅಂಥದೇ ಹಳದಿ ಬಟ್ಟೆಯೊಂದಿತ್ತು. ಬೆಳಗ್ಗೆಯಷ್ಟೇ ಆಕೆ, "ಈ ವಯಸ್ಸಲ್ಲಿ ನಿಮಗ್ಯಾಕೆ ರೀ ಈ ವೇಷ?" ಎಂದು ಮೂಗು ಮುರಿದಿದ್ದಳು. ಈಗ ನೋಡಿದರೆ, ಯಾರಿಗೂ ಹೇಳದೆ, ಹಿಂದಿನ ಬೀದಿಯ ಮನೆಯಿಂದ ಬಂದು, ಮಹಡಿ ಹತ್ತಿ ನಿಂತಿದ್ದಾಳೆ! ತನ್ನನ್ನು ನೋಡಲೆಂದೇ ನಿಂತಿದ್ದಾಳೆ!

ಕನ್ನಡಕದವರ ಮುಖದಲ್ಲಿ ನಗು ಬಂತು. ಅವರು ತಂದುಕೊಂಡದ್ದಲ್ಲ, ತಾನೇ ಬಂತು. ಮೊದಲು ಕಣ್ಣಂಚಿಗೆ ಬಂದು ಕೂತು, ಆಮೇಲೆ ಕೆನ್ನೆಗಿಳಿದು, ತುಟಿಗೆ ಬರುವಾಗ ನಾಚಿ ಅರ್ಧದಲ್ಲೇ ನಿಂತಿತು. ಸಹಾಯಕ ನಿರ್ದೇಶಕ "ಕಟ್!" ಎಂದ. ಕ್ಯಾಮರಾದವನು, "ಈ ಮನುಷ್ಯನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?" ಎಂದು ಕೇಳಿದ.

ಸಂಜೆ ಮನೆಗೆ ಹೋದಾಗ ಹೆಂಡತಿ, "ಮುಗೀತಾ ವೇಷ?" ಎಂದಳು.

"ಮುಗೀತು."

ಅಷ್ಟೇ ಮಾತು. ಎಲ್ಲವನ್ನೂ ನೋಡಿಯೂ ನೋಡದವಳಂತೆ ನಟಿಸುತ್ತಿದ್ದಾಳೆ ಎಂದುಕೊಂಡು ಕನ್ನಡಕದವರು ಒಳಗೊಳಗೇ ಹಿಗ್ಗಿದರು. ಅವರೂ ಬಾಯಿ ಬಿಡಲಿಲ್ಲ. ಎಂಟು ತಿಂಗಳು ಆ ಗುಟ್ಟನ್ನು ಹಕ್ಕಿಯ ಮೊಟ್ಟೆಯಂತೆ ಎದೆಯಲ್ಲಿಟ್ಟುಕೊಂಡು ಓಡಾಡಿದರು. ಗಾಜು ಉಜ್ಜುವಾಗ ಒಮ್ಮೊಮ್ಮೆ ಕೈ ನಿಂತುಹೋಗುತ್ತಿತ್ತು. ಗಿರಾಕಿಗಳು ಕೆಮ್ಮಿ ಎಚ್ಚರಿಸಬೇಕಾಗುತ್ತಿತ್ತು.

ಚಿತ್ರ ಬಿಡುಗಡೆಯಾಯಿತು. ಕನ್ನಡಕದವರು ತಮ್ಮವರನ್ನೆಲ್ಲ ಸಾಲಾಗಿ ಮ್ಯಾಟಿನಿಗೆ ಕರೆದೊಯ್ದರು: ಹೆಂಡತಿ, ಹೆಂಡತಿಯ ಅಣ್ಣ, ಕ್ಷೌರದಂಗಡಿಯವ, ಸಂಗೀತದ ಟೀಚರಮ್ಮ. ಹೆಂಡತಿಯ ಅಣ್ಣ ರೈಲಿನ ಗಾರ್ಡ್ ಆಗಿ ನಿವೃತ್ತಿಯಾದವರು. ಮನೆಯವರೆಲ್ಲರ ಬಾಯಲ್ಲಿ ಗಾರ್ಡ್ ಭಾವ. ಚಿತ್ರ ಹೇಳಿದ ಹೊತ್ತಿಗಿಂತ ನಾಲ್ಕು ನಿಮಿಷ ತಡವಾಗಿ ಶುರುವಾಯಿತೆಂದು ಅವರು ಮೊದಲೇ ಕೋಪಗೊಂಡಿದ್ದರು.

ಪರದೆಯ ಮೇಲೆ ಕೆಂಪು ಛತ್ರಿ ಬಂತು. ಛತ್ರಿಯ ಕೆಳಗಿನ ಸುಂದರಿ ಒಮ್ಮೆ ತಿರುಗಿ, ಒಂದು ಕಣ್ಣು ಮುಚ್ಚಿ ಸನ್ನೆ ಮಾಡಿದಳು. ಮರುಕ್ಷಣ ಪರದೆಯ ತುಂಬ ಕನ್ನಡಕದವರ ಮುಖ. ಮನೆಯ ಬಾಗಿಲಿನಷ್ಟು ಎತ್ತರದ ಮೂಗು. ಕಣ್ಣಂಚಿನಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಗೆ ಇಳಿದ ಅದೇ ನಗು.

ಸಭೆ ಘೊಳ್ಳೆಂದಿತು. ಕ್ಷೌರದಂಗಡಿಯವ ಕುರ್ಚಿಯಿಂದ ಎದ್ದು, "ಅಯ್ಯಯ್ಯಪ್ಪ! ನಮ್ಮ ಕನ್ನಡಕದವರು! ಸುಮ್ಮನೆ ಇರೋರನ್ನ ನಂಬಬಾರದು ಕಣ್ರೀ!" ಎಂದು ಕೂಗಿದ.

ಒಂದು ಸಲಕ್ಕೆ ಮುಗಿದಿದ್ದರೆ ದೇವರು ದೊಡ್ಡವನು ಎನ್ನಬಹುದಿತ್ತು. ಕತ್ತರಿ ಹಿಡಿದವನಿಗೆ ಆ ನಗು ರುಚಿಸಿಬಿಟ್ಟಿತ್ತು. ಸುಂದರಿ ಹೂವು ಕೊಂಡರೆ ಕನ್ನಡಕದವರು ನಗುವರು. ಸುಂದರಿ ಚಪ್ಪಲಿಯ ಪಟ್ಟಿ ಕಿತ್ತು ಎಡವಿದರೆ ಕನ್ನಡಕದವರು ನಗುವರು. ಕಡೆಯಲ್ಲಿ ನಾಯಕ ಬುದ್ಧಿ ಬಂದು ಹೆಂಡತಿಯ ಕೈ ಹಿಡಿದ. ಪಾಪ, ಆ ಇನ್ನೊಬ್ಬಳು ಒಬ್ಬಳೇ ಕಣ್ಣೊರೆಸಿಕೊಂಡು ಬೀದಿಯ ತಿರುವಿನವರೆಗೆ ನಡೆದಳು, ನಿಂತಳು, ಯಾರನ್ನೋ ಕಂಡು ಮುಖ ಅರಳಿಸಿದಳು. ಬಂದರು ಕನ್ನಡಕದವರು. ನಕ್ಕರು. ಅದರ ಮೇಲೆಯೇ 'ಶುಭಂ' ಎಂದು ಅಕ್ಷರ ಮೂಡಿತು.

ಸಿಳ್ಳೆಗಳು ಸೂರಿಗೆ ತಾಗಿದವು. ಹೆಂಡತಿ ಮಾತ್ರ ಪರದೆ ಬಿಳಿಯಾದ ಮೇಲೂ ನೋಡುತ್ತಲೇ ಕೂತಿದ್ದಳು.

ಹೊರಗೆ ಬಂದರೆ ಬೀದಿಯ ಮೇಲೆ ಸಂಜೆಯ ಬೆಳಕು ಜೇನಿನಂತೆ ಹರಡಿತ್ತು. ಇಬ್ಬರೂ ಒಂದು ಮಾರು ಅಂತರ ಬಿಟ್ಟು ನಡೆದರು.

"ಆ ನಗು ನಾನು ನೋಡಿದ್ದಲ್ಲ" ಎಂದಳು ಹೆಂಡತಿ. "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಒಂದು ದಿನ, ಒಂದೇ ಒಂದು ದಿನ ನನ್ನ ಮುಂದೆ ಹಾಗೆ ನಕ್ಕಿದ್ದೀರಾ?"

"ಅಯ್ಯೋ ಮಾರಾಯ್ತಿ, ಅವಳನ್ನ ನಾನು ನೋಡೇ ಇಲ್ಲ. ಅವಳು ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ನಕ್ಕಿದ್ದು ನಿನಗೇ."

"ನನಗಾ?"

"ನಿನಗೇ. ನೀನು ಟೀಚರಮ್ಮನ ಮಹಡಿ ಮೇಲೆ ನಿಂತಿದ್ದೆಯಲ್ಲ, ಹಳದಿ ಬಟ್ಟೆ ಉಟ್ಕೊಂಡು."

ಹೆಂಡತಿ ನಿಂತಳು. ಎಂಟು ತಿಂಗಳ ಗುಟ್ಟು ಹೊರಬಿದ್ದ ಸಂತೋಷದಲ್ಲಿ ಕನ್ನಡಕದವರು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ಆಮೇಲೆ ನಿಂತರು.

"ಆವತ್ತು ನನಗೆ ತಲೆನೋವು. ಕಿಟಕಿ ಹಾಕ್ಕೊಂಡು ಸಂಜೆವರೆಗೂ ಮಲಗಿದ್ದೆ. ಹಳದಿ ಬಟ್ಟೆ ಇಸ್ತ್ರಿ ಅಂಗಡೀಲಿತ್ತು" ಎಂದಳು ಆಕೆ. "ಮಹಡಿ ಮೇಲೆ ನಿಂತಿದ್ದಿದ್ದು ಯಾರು ರೀ?"

ಹೀಗೆ, ಪರದೆಯ ಮೇಲಿನ ಒಬ್ಬ ಸುಂದರಿಯಿಂದ ತಪ್ಪಿಸಿಕೊಳ್ಳಲು ಹೋಗಿ ಕನ್ನಡಕದವರು ಮಹಡಿಯ ಮೇಲೆ ತಾವೇ ಇನ್ನೊಬ್ಬಳನ್ನು ನಿಲ್ಲಿಸಿದರು. ಮೊದಲಿನವಳಾದರೂ ದೂರದ ಊರಿನವಳು. ಈಗಿನವಳು ಅಂಗಡಿಯ ಎದುರಿಗೇ.

ಹಿಂದೆಯೇ ಬರುತ್ತಿದ್ದ ಕ್ಷೌರದಂಗಡಿಯವನ ದಯದಿಂದ ಮರುದಿನ ಬೆಳಗಾಗುವಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿತ್ತು. ಓದುವ ಕನ್ನಡಕಕ್ಕೆಂದು ಹೆಂಡತಿಯನ್ನು ಕರೆತಂದ ನಿವೃತ್ತ ಹೆಡ್‌ಮಾಸ್ತರರು, ಕನ್ನಡಕದವರು ಫ್ರೇಮು ಹಿಡಿದು ಮುಂದೆ ಬಾಗುತ್ತಲೇ ನಡುವೆ ಬಂದು ನಿಂತರು.

"ಕೊಡಿ ಇಲ್ಲಿ. ನಾನೇ ಹಾಕ್ತೀನಿ."

"ಕಿವಿ ಹಿಂದೆ ಸರಿ ಮಾಡಬೇಕಲ್ಲ ಮೇಷ್ಟ್ರೇ."

"ನನ್ನ ಕಿವಿ ಮೇಲೆ ಸರಿ ಮಾಡಿ. ಅವಳದೂ ಹೆಚ್ಚುಕಡಿಮೆ ಇದೇ ಅಳತೆ."

ಎಪ್ಪತ್ತೆರಡು ವರ್ಷದ ಆ ತಾಯಿ ಕನ್ನಡಕದವರತ್ತ ನೋಡಿ, "ನೀವು ಸಿನಿಮಾದಲ್ಲಿ ಚೆನ್ನಾಗಿ ಕಾಣ್ತೀರಿ" ಎಂದು ಸಣ್ಣಗೆ ನಕ್ಕರು. ಮೇಷ್ಟ್ರು ಫ್ರೇಮನ್ನು ಹಾಗೇ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಹೋದರು.

ಕ್ಷೌರದಂಗಡಿಯವನಿಗಂತೂ ಆ ವಾರ ಕೈಗಿಂತ ಬಾಯಿಗೆ ಹೆಚ್ಚು ಕೆಲಸ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಮನುಷ್ಯ ಎದ್ದು ಹೋಗಲಾರ, ಕೇಳಲೇಬೇಕು. "ಟೀಚರಮ್ಮ ದಿನಾ ಸಂಜೆ ಆರಕ್ಕೆ ಹಾಡ್ತಾರೆ. ಕನ್ನಡಕದವರು ಅಂಗಡಿ ಬಾಗಿಲು ಹಾಕೋದು ಆರೂಕಾಲಿಗೆ. ಆ ಕಾಲು ಗಂಟೆ ಯಾಕೆ ಅಂತ ನಾನು ಇಷ್ಟು ವರ್ಷ ಯೋಚನೆ ಮಾಡಿರಲಿಲ್ಲ" ಎಂದು ಕತ್ತಿಯನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದ.

ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು, ಹೊತ್ತಿಗೆ ಸರಿಯಾಗಿ ಮೌನವಾಗಿದ್ದಳು. ತಟ್ಟೆ ಇಡುವ ಸದ್ದೇ ಆ ಮನೆಯ ಮಾತಾಯಿತು. ಕನ್ನಡಕದವರಿಗೆ ಭಯವಾಯಿತು. ಬೈಯುವ ಹೆಂಡತಿ ಮನೆಯಲ್ಲೇ ಇರುತ್ತಾಳೆ. ಮಾತು ಬಿಟ್ಟವಳು ಆಗಲೇ ಅರ್ಧ ದಾರಿ ನಡೆದಿರುತ್ತಾಳೆ. ಅವರು ಬೆಳಗ್ಗೆ ಕಣ್ಣು ಮುಚ್ಚಿ ಕೈಮುಗಿದು, "ತಂದೆ, ಒಂದು ಸಲ ನಕ್ಕಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ? ಇನ್ನು ನಗುವುದಿಲ್ಲ" ಎಂದು ಹರಕೆ ಹೊತ್ತರು. ಅದು ಅವರಿಗೆ ಕಷ್ಟದ ಹರಕೆಯೂ ಆಗಿರಲಿಲ್ಲ.

ಭಾನುವಾರ ಗಾರ್ಡ್ ಭಾವ ವಿಚಾರಣೆಗೆ ಬಂದರು. ರೈಲು ಹಳಿ ತಪ್ಪಿದಾಗ ವರದಿ ಬರೆದು ಅಭ್ಯಾಸವಿದ್ದವರು. ನಡುಮನೆಯಲ್ಲಿ ಮೇಜು ಹಾಕಿಸಿ, ಕಾಗದ ತೆಗೆದರು. ಯಾರೂ ಕರೆಯದಿದ್ದರೂ ಕ್ಷೌರದಂಗಡಿಯವ ಬಂದು ಗೋಡೆಗೊರಗಿ ನಿಂತ.

"ಘಟನೆ ನಡೆದ ಹೊತ್ತು?"

"ಭಾವ, ಘಟನೆ ಏನೂ ನಡೆದಿಲ್ಲ."

"ಎಲ್ಲರೂ ಮೊದಲು ಹಾಗೇ ಅನ್ನೋದು. ಹೊತ್ತು ಹೇಳಿ."

"ಮಧ್ಯಾಹ್ನ ಎರಡೂವರೆ ಇರಬಹುದು."

"ಇರಬಹುದು ಅಂದ್ರೆ ಏನು? ಎರಡೂವರೇನೋ, ಎರಡು ಮೂವತ್ತೆರಡೋ?"

ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಸಂಗೀತದ ಟೀಚರಮ್ಮ. ಕಂಕುಳಲ್ಲಿ ಮಡಿಸಿದ ಬಟ್ಟೆಯ ಗಂಟು. ಮೂರು ಸ್ಥಾಯಿಯಲ್ಲಿ ಹಾಡಬಲ್ಲ ಕಂಠ ಅದು. ಅಂದು ಮೇಲಿನದರಲ್ಲೇ ಶುರುವಾಯಿತು.

"ಮಕ್ಕಳು ನನ್ನ ಹತ್ರ ಪಾಠಕ್ಕೆ ಬರೋದೇ ನಿಂತ್ಹೋಗಿದೆ! ಆವತ್ತು ನಾನು ಊರಲ್ಲೇ ಇರಲಿಲ್ಲ, ಪರೀಕ್ಷೆ ಮಾಡೋಕೆ ಬೇರೆ ಊರಿಗೆ ಹೋಗಿದ್ದೆ, ಬೇಕಾದ್ರೆ ಕಾಗದ ಇದೆ. ನನ್ನ ಮಹಡಿ ಮೇಲೆ ಯಾರಿದ್ರು ಅಂತ ತಾನೇ ನಿಮ್ಮ ಪ್ರಶ್ನೆ? ನೋಡ್ಕೊಳ್ಳಿ, ಇವಳೇ!"

ಗಂಟನ್ನು ಮೇಜಿನ ಮೇಲೆ ಬಿಚ್ಚಿ ಕೊಡವಿದರು. ತಿಳಿ ಹಳದಿಯ ಹಾಸಿಗೆ ಹೊದಿಕೆ.

"ಹೋಗೋ ಮುಂಚೆ ಒಗೆದು ಕಟಕಟೆ ಮೇಲೆ ಹಾಕಿದ್ದೆ. ಎರಡು ದಿನ ಅಲ್ಲೇ ಇತ್ತು. ಹದಿನೈದು ವರ್ಷದಿಂದ ನನ್ನ ಮನೇಲಿದೆ, ಇದರ ಮೇಲೆ ಇದುವರೆಗೂ ಒಂದು ಮಾತು ಬಂದಿಲ್ಲ!"

ಕನ್ನಡಕದವರು ಹೊದಿಕೆಯನ್ನು ನೋಡಿದರು. ಹತ್ತಿರದಿಂದ, ಕನ್ನಡಕ ಹಾಕಿಕೊಂಡು ನೋಡಿದರೆ, ಅದರ ಒಂದು ಮೂಲೆಯಲ್ಲಿ ತೇಪೆಯಿತ್ತು. ಎಂಟು ತಿಂಗಳು ಎದೆಯಲ್ಲಿಟ್ಟು ಕಾವು ಕೊಟ್ಟದ್ದು ಇದಕ್ಕೇ.

"ಅಂದ್ರೆ ನಮ್ಮ ಕನ್ನಡಕದ ಭಾವ ನಕ್ಕಿದ್ದು..." ಎಂದು ಕ್ಷೌರದಂಗಡಿಯವ ಬಾಯಿಗೆ ಟವೆಲು ಒತ್ತಿಕೊಂಡ.

"ಅವರಿಗೆ ನೀನ್ಯಾವಾಗ ಭಾಮೈದ ಆದೆ? ಸುಮ್ಮನಿರು" ಎಂದು ಗದರಿದ ಗಾರ್ಡ್ ಭಾವ ಕಾಗದದ ಮೇಲೆ ನಿಧಾನವಾಗಿ ಬರೆದುಕೊಂಡರು: 'ಎದುರು ಪಕ್ಷ: ಹೊದಿಕೆ. ಒಂದು.' ಆಮೇಲೆ ತಲೆಯೆತ್ತಿ, "ಪ್ರಯೋಗ ಮಾಡೋಣ" ಎಂದರು.

ಹೊದಿಕೆಯನ್ನು ಕಿಟಕಿಗೆ ತೂಗುಹಾಕಿಸಿದರು. ಕನ್ನಡಕದವರ ಕನ್ನಡಕ ತೆಗೆಸಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. "ಹೊದಿಕೆ ನೋಡಿ. ಹೆಂಡ್ತಿ ಅಂದ್ಕೊಳ್ಳಿ. ನಗಿ."

ಕನ್ನಡಕದವರು ಪ್ರಯತ್ನಪಟ್ಟರು. ಕೆನ್ನೆ ಎಳೆದರು, ತುಟಿ ಅಗಲಿಸಿದರು, ಹಲ್ಲು ತೋರಿಸಿದರು.

"ಹಲ್ಲುನೋವು ಬಂದವರ ಥರ ಇದೆ" ಎಂದರು ಟೀಚರಮ್ಮ.

"ಇನ್ನೂ ಸ್ವಲ್ಪ ಪ್ರೀತಿ ಹಾಕಿ" ಎಂದ ಕ್ಷೌರದಂಗಡಿಯವ.

"ಹೊದಿಕೆ ಬೇಡ. ಹೆಂಡ್ತೀನೇ ನಿಲ್ಲಿಸಿ ನೋಡೋಣ" ಎಂದು ಗಾರ್ಡ್ ಭಾವ ತಂಗಿಯನ್ನು ಕರೆದು ಎದುರಿಗೆ ನಿಲ್ಲಿಸಿದರು. ಗಂಡ ಹೆಂಡತಿ ಮೂರು ಅಡಿ ಅಂತರದಲ್ಲಿ ಮುಖಾಮುಖಿ ನಿಂತರು. ಇಡೀ ಬೀದಿಯ ಕಣ್ಣು ಆ ಮುಖದ ಮೇಲಿತ್ತು. ಕನ್ನಡಕದವರ ಹಣೆಯಲ್ಲಿ ಬೆವರು ಬಂತು, ಕಣ್ಣಲ್ಲಿ ನೀರು ಬಂತು. ನಗು ಮಾತ್ರ ಬರಲಿಲ್ಲ. ಕಡೆಗೆ ಅವರ ಬಾಯಿಂದ ಹೊರಟದ್ದು ಒಂದೇ ಮಾತು: "ನೇರವಾಗಿದೆ."

ಹೆಂಡತಿ ಒಳಗೆ ಹೋದಳು. ಕನ್ನಡಕದವರು ಹಿಂದೆಯೇ ಹೋದರು. ಆಕೆ ಕಪಾಟಿನಿಂದ ಬಟ್ಟೆ ತೆಗೆದು ಹಾಸಿಗೆಯ ಮೇಲಿಡುತ್ತಿದ್ದಳು.

"ಗೊತ್ತಾಯ್ತಲ್ಲ, ಹೆಂಗಸು ಯಾರೂ ಇರಲಿಲ್ಲ ಅಂತ" ಎಂದರು ಅವರು ಮೆಲ್ಲಗೆ.

"ಹೆಂಗಸು ಇದ್ದಿದ್ರೆ ಎಷ್ಟೋ ವಾಸಿ ಇತ್ತು. ಎರಡು ಮಾತು ಬೈದು ಬರ್ತಿದ್ದೆ. ಈ ಹೊದಿಕೆಗೆ ನಾನೇನು ಮಾಡ್ಲಿ? ಒಗೆಯಲಾ?" ಎಂದಳು ಆಕೆ. "ನಾನು ದಿನಾ ಕಣ್ಣ ಮುಂದೆ ಓಡಾಡಿದ್ರೂ ಬರದ ನಗು, ಒಣಗಿ ಹಾಕಿದ ಬಟ್ಟೆಗೆ ಬಂತಲ್ಲ ರೀ. ಅಂದ್ಕೊಂಡ್ರೆ ಬರುತ್ತೆ, ನಾನೇ ಬಂದು ನಿಂತ್ರೆ ಬರಲ್ಲ. ಹಾಗಾದ್ರೆ ನಾನು ಯಾಕಿರಬೇಕು ಇಲ್ಲಿ? ನಾಳೆ ಅಣ್ಣನ ಜೊತೆ ಹೋಗ್ತೀನಿ."

"ಎಷ್ಟು ದಿನ?"

"ನೋಡೋಣ."

ಆ 'ನೋಡೋಣ' ಎಂಬ ಮಾತಿಗೆ ತಳವಿರಲಿಲ್ಲ. ಕನ್ನಡಕದವರು ಅದರೊಳಗೆ ಇಣುಕಿ ನೋಡಿ ಹಿಂದೆ ಸರಿದರು.

ಮರುದಿನ ಒಂಬತ್ತಕ್ಕೆ ಹೆಂಡತಿ ಮನೆಯ ಬೀಗದ ಕೈ ಕೊಡಲು ಅಂಗಡಿಗೆ ಬಂದಳು. ಬಾಗಿಲ ಹೊರಗೆ ಗಾಡಿ, ಗಾಡಿಯಲ್ಲಿ ಎರಡು ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಗಡಿಯಾರ ನೋಡುತ್ತ ಗಾರ್ಡ್ ಭಾವ.

"ಬೀಗದ ಕೈ ತಗೊಳ್ಳಿ. ಹಾಲಿನವರಿಗೆ ಹೇಳಿದೀನಿ. ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು."

"ಹೂಂ."

ಆಕೆ ತನ್ನ ಓದುವ ಕನ್ನಡಕವನ್ನು ಮೇಜಿನ ಮೇಲಿಟ್ಟಳು. "ಇದರ ಕಡ್ಡಿ ಸಡಿಲಾಗಿದೆ. ಅಣ್ಣನ ಊರಲ್ಲಿ ಯಾರೂ ಸರಿ ಮಾಡೋರಿಲ್ಲ."

ಕನ್ನಡಕದವರು ಸಣ್ಣ ತಿರುಪುಳಿ ಹಿಡಿದು ಕೂತರು. ಎಳ್ಳಿನಷ್ಟು ಚಿಕ್ಕ ತಿರುಪು ಬೆರಳಿಗೆ ಸಿಗದೆ ಎರಡು ಸಲ ಜಾರಿ ಬಿತ್ತು. ಹೆಂಡತಿ ಅತ್ತ ತಿರುಗಿ, ಗೋಡೆಯ ಕನ್ನಡಿಯ ಮುಂದೆ ಸಾಲಾಗಿ ಇಟ್ಟಿದ್ದ ಫ್ರೇಮುಗಳಲ್ಲಿ ಒಂದನ್ನು ಹೊತ್ತು ಕಳೆಯಲೆಂದು ಎತ್ತಿ ಹಾಕಿಕೊಂಡಳು. ದಪ್ಪ ಕಪ್ಪು ಫ್ರೇಮು. ಗಾಜಿಲ್ಲದ್ದು. ತೆಗೆದು ಇನ್ನೊಂದು ಹಾಕಿಕೊಂಡಳು. ಕಿವಿಯ ಹಿಂದೆ ಸಿಕ್ಕಿಕೊಂಡ ಒಂದು ನರೆಗೂದಲನ್ನು ಕಿರುಬೆರಳಿನಿಂದ ಬಿಡಿಸಿಕೊಂಡಳು.

ತಿರುಪುಳಿ ನಿಂತಿತು. ಬೀದಿಯ ಸದ್ದು ಎಲ್ಲಿಗೋ ಹೋಯಿತು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಕನ್ನಡಕದವರಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಆ ಬೆನ್ನು, ಆ ಕೂದಲು, ಆ ಕಿರುಬೆರಳು. ನಾಳೆ ಇದೇ ಹೊತ್ತಿಗೆ ಅಲ್ಲಿ ಬರಿಯ ಕನ್ನಡಿಯಿರುತ್ತದೆ ಎಂಬುದು ತಿಳಿದೇ ಇತ್ತು. ಆದರೂ ಆ ಕ್ಷಣ ಆಕೆ ಅಲ್ಲಿದ್ದಳು. ಅದೊಂದು ಅವರಿಗೆ ಸಾಕಾಗಿತ್ತು. ಕೈಯಲ್ಲಿದ್ದ ಕೆಲಸ ಮರೆತು, ಹೊತ್ತ ಹರಕೆ ಮರೆತು, ಅವರು ನೋಡುತ್ತ ಕೂತರು.

ಕನ್ನಡಿಯಲ್ಲಿ ಆಕೆಯ ಹೆಗಲ ಮೇಲಿಂದ ಹಿಂದಿನ ಮೇಜೂ ಕಾಣುತ್ತಿತ್ತು. ಆಕೆಯ ಕೈ ಕಿವಿಯ ಬಳಿಯೇ ನಿಂತುಬಿಟ್ಟಿತು.

ಬಹಳ ಹೊತ್ತು ನಿಂತಿತ್ತು. ಆಮೇಲೆ ಆಕೆ ಸರಕ್ಕನೆ ತಿರುಗಿದಳು. ಕನ್ನಡಕದವರು ಬೆಚ್ಚಿ ತಿರುಪಿನ ಮೇಲೆ ಬಾಗಿದರು. ಮುಖದಲ್ಲಿ ಎಂದಿನ ಗಾಂಭೀರ್ಯ.

"ಆಯ್ತು, ಇನ್ನೊಂದು ಸುತ್ತು ಅಷ್ಟೇ" ಎಂದು ಗೊಣಗಿದರು.

ಆಕೆ ಮೆಲ್ಲಗೆ ಮತ್ತೆ ಕನ್ನಡಿಗೆ ತಿರುಗಿದಳು. ಮತ್ತೆ ಬೆನ್ನು. ಕನ್ನಡಕದವರು ಮತ್ತೆ ತಲೆಯೆತ್ತಿದರು.

"ಏನಮ್ಮಾ, ರೈಲಿಗೆ ಹದಿನೇಳೇ ನಿಮಿಷ!" ಎಂದು ಹೊರಗಿನಿಂದ ಗಾರ್ಡ್ ಭಾವ ಕೂಗಿದರು.

"ನೀನು ಹೋಗಣ್ಣ" ಎಂದಳು ಆಕೆ, ಕನ್ನಡಿಯಿಂದ ಕಣ್ಣು ತೆಗೆಯದೆ.

"ಹೋಗಣ್ಣ ಅಂದ್ರೆ? ಪೆಟ್ಟಿಗೆ?"

"ಇಳಿಸಿಟ್ಟು ಹೋಗು. ನನಗೆ ಫ್ರೇಮು ಆರಿಸಬೇಕು. ಹೊತ್ತಾಗುತ್ತೆ."

ಗಾರ್ಡ್ ಭಾವ ಒಳಗಿಣುಕಿ ತಂಗಿಯನ್ನೊಮ್ಮೆ, ಕನ್ನಡಕದವರನ್ನೊಮ್ಮೆ ನೋಡಿದರು. ನಲವತ್ತು ವರ್ಷದ ನೌಕರಿಯಲ್ಲಿ ಹೊರಟು ನಿಂತ ಬಂಡಿ ಹೀಗೆ ಕಾರಣ ಹೇಳದೆ ರದ್ದಾದದ್ದನ್ನು ಅವರು ಕಂಡಿರಲಿಲ್ಲ. ಪೆಟ್ಟಿಗೆಗಳನ್ನು ಕ್ಷೌರದಂಗಡಿಯವನ ಕೈಯಲ್ಲಿ ಇಳಿಸಿ, ಕೈ ಬೀಸಿ ಗಾಡಿ ಬಿಡಿಸಿದರು.

ಆಕೆ ಏನು ಕಂಡಳು, ಏಕೆ ನಿಂತಳು ಎಂದು ಕನ್ನಡಕದವರಿಗೆ ಇಂದಿಗೂ ತಿಳಿಯದು. ಕೇಳುವ ಧೈರ್ಯವಾಗಲಿಲ್ಲ. ಆಕೆಯೂ ಹೇಳಲಿಲ್ಲ. ಹೇಳಿದರೆ ಈ ಮನುಷ್ಯ ನಾಚಿ, ಉಳಿದ ಆಯುಷ್ಯವೆಲ್ಲ ಮುಖ ಬಿಗಿದುಕೊಂಡೇ ಕೂರುತ್ತಾರೆಂದು ಆಕೆಗೆ ಗೊತ್ತಿತ್ತು.

"ಯಾವುದಾದರೂ ಸರಿಹೋಯ್ತಾ?" ಎಂದು ಅವರು ಕೇಳಿದರು.

"ಇಲ್ಲ" ಎಂದಳು ಹೆಂಡತಿ, ಹಿಂತಿರುಗದೆ ಕೈಯನ್ನಷ್ಟೇ ಹಿಂದಕ್ಕೆ ಚಾಚಿ. "ಇನ್ನೊಂದು ಕೊಡಿ."